ನೂಲಜ್ಜಿಯ ಒಪ್ಪಿಗೆ

ಕಟ್ಟು ಹಲ್ಲಿನ ಸೆಟ್ಟಿನ ಗುಲಾಬಿ ಬಣ್ಣದ ಒಸಡನ್ನು ಲ್ಯಾಬಿನ ಮಾಲೀಕರು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅದರ ಮೈತುಂಬ ಸಾಸಿವೆ ಗಾತ್ರದ ಗುಳ್ಳೆಗಳು. "ಇದೇನಪ್ಪಾ, ಹಲ್ಲಿನ ಸೆಟ್ಟಾ, ಜರಡಿಯಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾಗಿದ್ದರೆ ಅವನಿಗೆ ಎಷ್ಟೋ ವಾಸಿ ಅನ್ನಿಸುತ್ತಿತ್ತು. ಸಿಟ್ಟಾದವರ ಎದುರು ತಲೆತಗ್ಗಿಸಿ ನಿಂತರೆ ಮುಗಿಯಿತು, ತಮಾಷೆ ಮಾಡುವವರ ಎದುರು ಏನು ಮಾಡಬೇಕೆಂದು ಇಷ್ಟು ವಯಸ್ಸಾದರೂ ಅವನಿಗೆ ತಿಳಿದಿರಲಿಲ್ಲ. ನಕ್ಕರೆ ತಪ್ಪನ್ನು ಒಪ್ಪಿಕೊಂಡಂತೆಯೋ, ಹಗುರ ಮಾಡಿದಂತೆಯೋ? ಅರ್ಧ ನಕ್ಕ, ಅರ್ಧಕ್ಕೆ ನಿಲ್ಲಿಸಿದ. "ಅಚ್ಚಿನ ಡಬ್ಬೀನ ಬಿಸಿನೀರಲ್ಲಿಟ್ಟು ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದರು. ಎಲ್ಲಿಗೂ ಹೋಗಿರಲಿಲ್ಲ. ಒಲೆಯ ಪಕ್ಕದಲ್ಲೇ ನಿಂತಿದ್ದ. ನಿಂತುಕೊಂಡು, ಚೀಲದಿಂದ ಹಳೆಯ ಟ್ಯಾಬ್ಲೆಟ್ಟು ತೆಗೆದು, ಒಬ್ಬ ಮುದುಕಿಯಾಗಿ, ಕಂಡೇ ಇರದ ಒಬ್ಬ ಹೆಂಗಸಿಗೆ ಸಮಾಧಾನ ಹೇಳುತ್ತಿದ್ದ. ಆ ಸಮಾಧಾನ ಮುಗಿಯುವಷ್ಟರಲ್ಲಿ ಉರಿ ತಗ್ಗಿಸುವುದು ಮರೆತು, ಮೆಲ್ಲಗೆ ಬೇಯಬೇಕಾಗಿದ್ದ ಒಸಡು ಕೊತಕೊತ ಕುದಿದುಹೋಗಿತ್ತು. ಇದನ್ನು ಯಾವ ಬಾಯಿಂದ ಹೇಳುವುದು. "ಇಲ್ಲೇ ಇದ್ದೆ ಸಾರ್" ಎಂದ. "ಇದ್ದೂ ಹಿಂಗಾಯ್ತಾ?" ಎಂದು ಮಾಲೀಕರು ಸೆಟ್ಟನ್ನು ಅವನ ಮೇಜಿನ ಮೇಲಿಟ್ಟು, ಸಂಜೆಯೊಳಗೆ ಬೇರೆಯದು ಬೇಕೆಂದು ಹೇಳಿ ಹೋದರು.

ಹೊಸ ಸೆಟ್ಟಿಗಾಗಿ ಮೇಣ ಕರಗಿಸುತ್ತ ಕೂತ. ಮೇಣದ ಮೇಲೆ ಒಂದೊಂದೇ ಹಲ್ಲು ಊರುವಾಗ ಬೇರೇನೂ ಯೋಚಿಸಬಾರದು, ಯೋಚಿಸಿದರೆ ಮುಂದಿನ ಹಲ್ಲು ಓರೆಯಾಗುತ್ತದೆ. ಆದರೆ ಸಂಜೆ ಫೋನಿನ ಆಟದೊಳಗೆ ನಡೆಯಬೇಕಿದ್ದ ಸಭೆಯ ಯೋಚನೆ ಬೆಳಗಿನಿಂದಲೇ ಅವನನ್ನು ಬಿಟ್ಟಿರಲಿಲ್ಲ. ಅವನು ಎಷ್ಟೋ ವರ್ಷಗಳಿಂದ ಆಡುತ್ತಿದ್ದ ಆ ಆಟವನ್ನು ಆಡುವವರೆಲ್ಲ ಬರೀ ಊರು ಎಂದು ಕರೆಯುತ್ತಿದ್ದರು. ಅದರಲ್ಲಿ ಚಿತ್ರವಿಲ್ಲ, ಸದ್ದಿಲ್ಲ. ಎಲ್ಲೆಲ್ಲಿಯೋ ಕೂತವರು ತಮ್ಮ ತಮ್ಮ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಒಂದೊಂದು ವೇಷ ತೊಟ್ಟು, ಆ ವೇಷದ ಬಾಯಲ್ಲಿ ಮಾತು ಬರೆಯುತ್ತಾರೆ, ಬರೆದದ್ದೇ ನಡೆದದ್ದು. ಒಂದು ಹೊಳೆ, ಹೊಳೆಯಾಚೆ ಕೋಟೆ, ಕೋಟೆಯೊಳಗೆ ಬೀದಿ, ಬೀದಿಯ ಕೊನೆಗೆ ಎಲ್ಲರೂ ಸೇರುವ ಚಾವಡಿ. ಅವನು ಅಲ್ಲಿ ಅಂಬಿಗ. ಹೊಸದಾಗಿ ಬಂದವರನ್ನು ದೋಣಿಯಲ್ಲಿ ಕೂರಿಸಿಕೊಂಡು ಕೋಟೆಗೆ ಬಿಡುವುದು ಅವನ ಕೆಲಸ. ಒಂದು ಕಾಲದಲ್ಲಿ ದಡದ ಮೇಲೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು, ಅವನು ಊಟ ಬಿಟ್ಟು ಹುಟ್ಟು ಹಾಕುತ್ತಿದ್ದ. ಈಗ ದಡ ಖಾಲಿ. ಊರನ್ನು ನಡೆಸುವ ಯಂತ್ರ, ಒಂದು ಕಂಪ್ಯೂಟರು, ಊರು ಕಟ್ಟಿದ ಯಜಮಾನಿಯ ಮನೆಯಲ್ಲಿದೆ; ಅದು ಆಗಾಗ ಮೂರ್ಛೆ ಹೋಗುತ್ತದೆ. ಉತ್ತರದ ಬಾಗಿಲು ತೆಗೆದು ಅದರಾಚೆ ಬೆಟ್ಟ ಕಾಡು ಕಟ್ಟಿಕೊಡುತ್ತೇನೆಂದು ಯಜಮಾನಿ ಹೇಳಿ ಬಹಳ ಕಾಲವಾಯಿತು, ಬಾಗಿಲು ತೆರೆದಿಲ್ಲ. ಉಳಿದ ಕೆಲವೇ ಜನ ಗೋಡೆ ನೋಡಿಕೊಂಡು ಕೂತಿದ್ದಾರೆ. ಅವರಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿ ಕಮ್ಮಾರನದು. ಇವತ್ತು ಬೆಳಗ್ಗೆ ಅವನು ಚಾವಡಿಯ ಗೋಡೆಯ ಮೇಲೆ ಬರೆದಿದ್ದ: "ಸಂಜೆ ಎಲ್ಲರೂ ಬನ್ನಿ. ಯಜಮಾನಿಕೆ ಯಾರ ಹತ್ರ ಇರಬೇಕು ಅಂತ ಮಾತಾಡಿಬಿಡೋಣ. ಬೀಗದ ಕೈ ಬಗ್ಗೆನೂ." ಬೀಗದ ಕೈ ಎಂದರೆ ಊರನ್ನು ಒಳಗಿನಿಂದ ಬಿಚ್ಚಿ ನೋಡುವ ಅಧಿಕಾರ. ಅದಿದ್ದವರಿಗೆ ಯಾವ ವೇಷ ಯಾರ ಮನೆಯಿಂದ ಬರುತ್ತದೆ ಎಂಬುದೂ ಕಾಣುತ್ತದೆ. ಆ ಸಾಲು ಅಳಿಸಿಹೋಗಿರಬಹುದೇ ಎಂದು ಅವನು ಪದೇ ಪದೇ ತೆಗೆದು ನೋಡುತ್ತಿದ್ದ.

ಏಕೆಂದರೆ ಊರಿನಲ್ಲಿ ಅವನು ಒಬ್ಬನಲ್ಲ, ಇಬ್ಬರು. ಒಬ್ಬರಿಗೆ ಒಂದೇ ವೇಷ ಎಂಬುದು ಅಲ್ಲಿನ ಮೊದಲ ಕಟ್ಟಳೆ, ಅದನ್ನು ಮುರಿದವರಿಗೆ ಕೋಟೆಯ ಬಾಗಿಲು ಮತ್ತೆ ತೆರೆಯುವುದಿಲ್ಲ. ಹೋದ ಚಳಿಗಾಲದ ಒಂದು ಸಂಜೆ ಯಜಮಾನಿ ಅವನ ದೋಣಿಯಲ್ಲಿ ಬಂದು ಕೂತು, "ಅಂಬಿಗಾ, ಹೊಸಬರು ಒಬ್ರೂ ಬರ್ತಿಲ್ಲ ಕಣೋ. ನಾನು ದೀಪ ಹಚ್ಕೊಂಡು ಯಾರಿಗೋಸ್ಕರ ಕೂತಿರೋದು?" ಎಂದಿದ್ದಳು. ಅವನು ಬಹಳ ಹೊತ್ತು ಯೋಚಿಸಿ "ಬರ್ತಾರೆ" ಎಂದಷ್ಟೇ ಬರೆದಿದ್ದ. ಅಷ್ಟೇ ಬರೆದದ್ದಕ್ಕೆ ಆಮೇಲೆ ನಿದ್ದೆ ಬರಲಿಲ್ಲ. ಮಾತು ಬರಬೇಕಾದ ಜಾಗದಲ್ಲೆಲ್ಲ ಅವನಿಗೆ ಇಂಥ ಒಂದು ಪದ ಬಂದು ಬಾಯಿ ಮುಚ್ಚಿಕೊಂಡುಬಿಡುತ್ತಿತ್ತು. ಮರುದಿನ ಹಳೆಯ ಟ್ಯಾಬ್ಲೆಟ್ಟಿನ ಧೂಳು ಒರೆಸಿ, ಕೈಯಲ್ಲಿ ನೂಲಿನುಂಡೆ ಹಿಡಿದ ಒಬ್ಬ ಅಜ್ಜಿಯನ್ನು ದಡದ ಮೇಲೆ ನಿಲ್ಲಿಸಿದ. ಒಂದು ದಿನದ ಮಟ್ಟಿಗೆ, ಅವಳಿಗೆ ಖುಷಿಯಾಗಲಿ ಎಂದು. ತಾನೇ ದೋಣಿ ತಂದು ತನ್ನನ್ನೇ ಹತ್ತಿಸಿಕೊಂಡು ತಾನೇ ಇಳಿಸಿದ. ಅಜ್ಜಿಯ ಬಾಯಲ್ಲಿ, "ದೋಣಿ ಸೋರುತ್ತಲ್ಲಪ್ಪಾ, ಇದಕ್ಕಿಂತ ಈಜೋದೇ ಒಣಗಿರುತ್ತೆ" ಎಂದು ಬರೆದಾಗ ಚಾವಡಿಯಲ್ಲಿದ್ದವರೆಲ್ಲ ನಕ್ಕರು. ಅಂಬಿಗನ ಮಾತಿಗೆ ಯಾರೂ ಹಾಗೆ ನಕ್ಕಿರಲಿಲ್ಲ. ಯಜಮಾನಿಯಂತೂ ಕುಣಿದಾಡಿದಳು. ಒಂದು ದಿನ ವಾರವಾಯಿತು, ವಾರ ಹೋಗಿ ಬೇಸಿಗೆ ಬಂತು. ನೂಲಜ್ಜಿಯ ಹತ್ತಿರ ಎಲ್ಲರೂ ಬಂದು ಕೂತು ತಮ್ಮ ಕಷ್ಟ ಹೇಳಿಕೊಳ್ಳತೊಡಗಿದರು. ಕಮ್ಮಾರ ಕೂಡ. ಹುಟ್ಟು ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದ ಅಂಬಿಗನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಕೆಲಸ ಮುಗಿಸಿ ಹೊರಟಾಗ ಬೀದಿಯಲ್ಲಿ ಅಂಗಡಿಗಳ ದೀಪ ಹತ್ತುತ್ತಿತ್ತು. ಔಷಧಿ ಅಂಗಡಿಯ ಗಾಜಿನಲ್ಲಿ ತನ್ನ ಮುಖ ಕಂಡು ಬೇರೆ ಕಡೆ ನೋಡಿದ. ಬಸ್ಸಿನಲ್ಲಿ ಎದುರು ಕೂತ ಹೆಂಗಸು ಫೋನಿನಲ್ಲಿ ಬರೆಯುತ್ತಿದ್ದಳು. ಊರಿನಲ್ಲಿ ಬೇಟೆಗಾರ್ತಿಯ ವೇಷ ತೊಟ್ಟವಳು ಇವಳೇ ಇರಬಹುದೇ ಅನ್ನಿಸಿತು. ಎಲ್ಲಿ ಯಾರೇ ಫೋನಿನಲ್ಲಿ ಬರೆಯುತ್ತಿದ್ದರೂ ಅವನಿಗೆ ಈಚೆಗೆ ಹಾಗೇ ಅನ್ನಿಸುತ್ತಿತ್ತು, ಒಂದು ದಿನ ಯಾರೋ ತಲೆಯೆತ್ತಿ "ಅಜ್ಜಿ, ಚೆನ್ನಾಗಿದ್ದೀರಾ?" ಎಂದು ಕೇಳಿಬಿಡುತ್ತಾರೆ ಎಂದು. ಕೇಳಿದರೆ ಏನು ಹೇಳಬೇಕೆಂದು ತಿಳಿಯದೆ ತನ್ನ ಬೂಟು ನೋಡಿಕೊಂಡ, ಬೂಟಿನ ಮೇಲೆ ಬಾಯಿಯ ಅಚ್ಚು ತೆಗೆಯುವ ಪ್ಲಾಸ್ಟರಿನ ಪುಡಿ ಇತ್ತು. ಮಾತು ಅವನದಾಗಿದ್ದರೆ ಇಷ್ಟು ಹೆದರಿಕೆ ಇರುತ್ತಿರಲಿಲ್ಲವೇನೋ. ನೂಲಜ್ಜಿ ಆಡಿದ್ದರಲ್ಲಿ ಒಂದು ಮಾತೂ ಅವನದಲ್ಲ. ಎಲ್ಲ ಅತ್ತೆಯದು. ಅಪ್ಪನ ಅಕ್ಕ, ಅವನನ್ನು ಸಾಕಿದವಳು, ಇವತ್ತಿಗೂ ಅವನ ಪಕ್ಕದ ಕೋಣೆಯಲ್ಲಿರುವವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಡೀ ವಯಸ್ಸು ಕಳೆದವಳಿಗೆ ಮಾತೆಂದರೆ ಉಸಿರು. ಮನೆಯಲ್ಲಿ ಇವನೊಬ್ಬ ಗುಮ್ಮನಗುಸುಗ ಎಂದು ಅವಳು ಚಿಕ್ಕಂದಿನಿಂದಲೇ ಇವನಿಗೆ ಗುಮ್ಮ ಎಂದು ಹೆಸರಿಟ್ಟಿದ್ದಳು. ಇವನ ಜೊತೆ ಮಾತು ಸಾಗದೆ, ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯಲ್ಲಿದ್ದ ಗೆಳತಿಗೆ ದಿನಾ ಸಂಜೆ ಫೋನು ಮಾಡಿ ಹರಟುತ್ತಿದ್ದಳು. ಇವನು ಗೋಡೆಯ ಈಚೆ ಕೂತು ಕೇಳುತ್ತಿದ್ದ. "ಸಿಟ್ಟು ಬಂದ್ರೆ ಪಾತ್ರೆ ತೊಳಿ ಮಾರಾಯ್ತಿ, ಸಿಟ್ಟು ಹೋಗದಿದ್ರೂ ಪಾತ್ರೆ ಆದ್ರೂ ಬೆಳ್ಳಗಾಗುತ್ತೆ." ಗೋಡೆಯಾಚೆ ಗೆಳತಿಗೆ ಹೇಳಿದ್ದು ಗೋಡೆಯೀಚೆ ಕಮ್ಮಾರನಿಗೆ ತಲುಪುತ್ತಿತ್ತು. ಲೈನು ಸೇರಿಸಿದ ಮೇಲೆ ಕಿವಿ ಆಚೆ ತೆಗೆದುಬಿಡಬೇಕು, ಕದ್ದು ಕೇಳಬಾರದು, ಅದೇ ನಮ್ಮ ಕೆಲಸದ ಮರ್ಯಾದೆ ಎಂದು ಅತ್ತೆ ಯಾವಾಗಲೂ ಹೇಳುತ್ತಿದ್ದಳು. ಆ ಮಾತನ್ನು ಮಾತ್ರ ಅವನು ನೂಲಜ್ಜಿಗೆ ಕೊಟ್ಟಿರಲಿಲ್ಲ.

ಮನೆಯಲ್ಲಿ ಅತ್ತೆ ಅಡಿಗೆಮನೆಯ ಮೇಜಿನ ಹತ್ತಿರ ಕೂತು ಬಿಸ್ಕತ್ತನ್ನು ಹಾಲಿನಲ್ಲಿ ಅದ್ದುತ್ತಿದ್ದಳು. ಅವಳ ಕೆಳಗಿನ ಹಲ್ಲಿನ ಸೆಟ್ಟು ಪಕ್ಕದ ಬಟ್ಟಲಿನ ನೀರಿನಲ್ಲಿತ್ತು. ಕೆನ್ನೆ ಒಳಗೆ ಹೋಗಿ ಮುಖ ಚಿಕ್ಕದಾಗಿ ಕಾಣುತ್ತಿತ್ತು. "ಇವತ್ತಾದ್ರೂ ನೋಡ್ತೀಯೇನೋ? ಎಡಗಡೆ ಚುಚ್ಚುತ್ತೆ. ಮಾತಾಡೋಕೆ ಹೋದ್ರೆ ಜೀವ ಹೋಗುತ್ತೆ" ಎಂದಳು, ಹಲ್ಲಿಲ್ಲದ ಬಾಯಲ್ಲಿ ಅಕ್ಷರಗಳೆಲ್ಲ ಒದ್ದೆಯಾಗಿ. ಊರಿನವರಿಗೆಲ್ಲ ಹಲ್ಲು ಮಾಡಿಕೊಡುವವನ ಮನೆಯಲ್ಲಿ ಈ ಅವಸ್ಥೆ ಎಂದು ಅವಳು ಗೆಳತಿಗೆ ಹೇಳಿ ನಕ್ಕಿದ್ದನ್ನೂ ಅವನು ಕೇಳಿಸಿಕೊಂಡಿದ್ದ. ಮಾಡಿಕೊಟ್ಟದ್ದು ಅವನೇ. ಮಾಡಿ ಕೊಟ್ಟ ಮೇಲೆ ಒಂದು ಸಲ ಕೂರಿಸಿ ಬಾಯಿ ನೋಡಿ, ತಾಗುವ ಕಡೆ ಸೆಟ್ಟನ್ನು ಕೆರೆದು ಸರಿಮಾಡಬೇಕು, ಅಷ್ಟೇ. ಅದನ್ನು ನಾಳೆ ನಾಳೆ ಎಂದು ದೂಡುತ್ತ ಬಂದಿದ್ದ. ನೋವು ಶುರುವಾದಾಗಿನಿಂದ ಫೋನಿನ ಹರಟೆ ಕಡಿಮೆಯಾಗಿತ್ತು. ಈಚೆಗೆ "ಹೂಂ, ಆಮೇಲೆ ಮಾಡ್ತೀನಿ" ಎಂದಷ್ಟೇ ಗೋಡೆಯಾಚೆಯಿಂದ ಕೇಳುತ್ತಿತ್ತು. ನೂಲಜ್ಜಿಯ ಮಾತೂ ಕಡಿಮೆಯಾಗುತ್ತ ಬಂದು, ಅಜ್ಜಿಗೆ ಹುಷಾರಿಲ್ಲವೇ ಎಂದು ಬೇಟೆಗಾರ್ತಿ ಕೇಳಿದ್ದಳು. ಅವಳು ಕೇಳಿದ ಆ ದಿನ, ಅತ್ತೆಯ ಹಲ್ಲು ಸರಿಮಾಡಬೇಕು ಎಂದು ಅವನಿಗೆ ಮೊದಲ ಸಲ ಗಟ್ಟಿಯಾಗಿ ಅನ್ನಿಸಿತ್ತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗಿ ಮತ್ತೆ ಮುಂದೂಡಿದ್ದ. "ನೋಡ್ತೀನಿ ಅತ್ತೆ, ಒಂದು ಮೀಟಿಂಗಿದೆ, ಮುಗಿಸ್ಕೊಂಡು" ಎಂದು ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ಮಂಚದ ಮೇಲೆ ಎಡಗಡೆ ಟ್ಯಾಬ್ಲೆಟ್ಟು, ಬಲಗೈಯಲ್ಲಿ ಫೋನು. ಚಾವಡಿಗೆ ಆಗಲೇ ಎಲ್ಲರೂ ಬಂದಿದ್ದರು. ಮಾತಾಡಬೇಕೆನ್ನುವವರು ಕೈಯಲ್ಲಿರುವುದನ್ನು ಹೊಸ್ತಿಲಲ್ಲಿಟ್ಟು ಒಳಗೆ ಬರಬೇಕು. ಕಮ್ಮಾರ ಸುತ್ತಿಗೆ ಇಟ್ಟ, ಬೇಟೆಗಾರ್ತಿ ಬಿಲ್ಲು ಇಟ್ಟಳು, ಅವನು ಹುಟ್ಟು ಇಟ್ಟ. ನೂಲಜ್ಜಿಗೆ ಮಾತ್ರ ನೂಲಿನುಂಡೆ ಇಟ್ಟುಕೊಳ್ಳಲು ಎಲ್ಲರೂ ರಿಯಾಯಿತಿ ಕೊಟ್ಟಿದ್ದರು. ಇನ್ನೊಂದು ಪದ್ಧತಿಯಿತ್ತು. ಯಾರನ್ನಾದರೂ ಏನಾದರೂ ಕೇಳಿದಾಗ ಮೂರು ಸಲ ಕೂಗಬೇಕು, ಮೂರನೆಯ ಕೂಗಿಗೂ ಅವರು ಸುಮ್ಮನಿದ್ದರೆ ಒಪ್ಪಿದಂತೆ. ಮೊದಲೆಲ್ಲ ಸಭೆಯ ನಡುವೆ ಯಾರದೋ ನೆಟ್ಟು ಕಡಿದುಹೋಗಿ, ಅವರಿಗಾಗಿ ಕಾದು ಕಾದು ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ಆಗ ಈ ಉಪಾಯ ಹೇಳಿದ್ದು ಅಂಬಿಗ. ಅದನ್ನು ಈಗ ಎಲ್ಲರೂ ಯಜಮಾನಿಯ ಕಟ್ಟಳೆ ಎನ್ನುತ್ತಿದ್ದರು, ಅವನು ತಿದ್ದಲು ಹೋಗಿರಲಿಲ್ಲ.

"ನೇರವಾಗೇ ಹೇಳ್ತೀನಿ" ಎಂದು ಕಮ್ಮಾರ ಶುರುಮಾಡಿದ. "ಯಂತ್ರ ಬಿದ್ದಾಗಲೆಲ್ಲ ನಾನು ಬಡಿದ ಕತ್ತಿಗಳು ಮಾಯ. ಬಡಿಯೋದು, ಕಳ್ಕೊಳ್ಳೋದು, ಮತ್ತೆ ಬಡಿಯೋದು. ಉತ್ತರದ ಬಾಗಿಲು ಎಲ್ಲಿ ಯಜಮಾನಿ? ನಾವೇನು ಆ ಬಾಗಿಲಿಗೆ ಕಾವಲು ಕಾಯೋಕೆ ಬಂದಿದ್ದೀವಾ?"

"ನನಗೂ ಮನೆ ಇದೆಯಪ್ಪ, ಕೆಲಸ ಇದೆ. ಎಲ್ಲ ಮುಗಿಸಿ ಕಣ್ಣು ಎಳೀತಿರುವಾಗ ಬೆಟ್ಟ ಕಟ್ಟೋಕೆ ಕೂರ್ತೀನಿ. ಅರ್ಧ ಬೆಟ್ಟ ಆಗಿದೆ" ಎಂದಳು ಯಜಮಾನಿ.

"ನೀವು ಕೆಟ್ಟವರು ಅಂತ ಯಾರೂ ಹೇಳ್ತಿಲ್ಲ ಅಕ್ಕ" ಎಂದಳು ಬೇಟೆಗಾರ್ತಿ. "ಸುಸ್ತಾಗಿದ್ದೀರಿ. ಅದನ್ನ ಒಪ್ಕೊಳ್ಳಿ. ಬೇರೆ ಯಾರಾದ್ರೂ ನೋಡ್ಕೊಳ್ಳಲಿ."

"ಯಾರು ಅಂತ? ನಾನೇ ನೋಡ್ಕೊಳ್ತೀನಿ, ಕೊಡಿ" ಎಂದ ಕಮ್ಮಾರ.

"ನಿನ್ನ ಕೈಗೆ ಕೊಟ್ರೆ ಊರಲ್ಲಿ ಕತ್ತಿ ಬಿಟ್ರೆ ಬೇರೇನೂ ಇರಲ್ಲ. ನಿನ್ನ ಸಿಟ್ಟು ನಮಗೆ ಗೊತ್ತಿಲ್ವಾ" ಎಂದು ಬೇಟೆಗಾರ್ತಿ ತಿರುಗಿಬಿದ್ದಳು.

ಅಂಬಿಗನಾಗಿ ಅವನು ಫೋನಿನಲ್ಲಿ ಬರೆದ: "ನಾನೊಂದು ಮಾತು ಹೇಳ್ಲಾ?" ಅದರ ಹಿಂದೆಯೇ ಕಮ್ಮಾರನ ನಾಲ್ಕು ಸಾಲು, ಬೇಟೆಗಾರ್ತಿಯ ಐದು ಸಾಲು ಬಂದು ಅವನ ಸಾಲು ಮೇಲೆ ಸರಿದು ಕಣ್ಣಿಗೆ ಮರೆಯಾಯಿತು. ಯಾರೂ ಹೇಳು ಎನ್ನಲಿಲ್ಲ. ಹೇಳಲು ಏನಿತ್ತು? ಯಜಮಾನಿ ಇರಲಿ, ಕೆಲಸ ಹಂಚಿಕೊಳ್ಳೋಣ, ಅರ್ಧ ಬೆಟ್ಟವನ್ನೇ ತೆರೆದುಬಿಡೋಣ ಎಂದು ಬೆಳಗಿನಿಂದ ಮನಸ್ಸಿನಲ್ಲೇ ಎಷ್ಟೋ ಸಲ ತಿದ್ದಿ ತೀಡಿ ಇಟ್ಟುಕೊಂಡಿದ್ದ. ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದಾಗ, ಯಾರಾದರೂ ಅಂಬಿಗ ಎನ್ನಬಹುದೇನೋ ಎಂದು ಒಂದು ಗಳಿಗೆ ಕಾದಿದ್ದ ಕೂಡ. ಎಲ್ಲರಿಗಿಂತ ಹಳಬ ಅವನು. ಅಲ್ಲಿದ್ದ ಪ್ರತಿಯೊಬ್ಬರನ್ನೂ ಅವನೇ ದಡ ದಾಟಿಸಿದ್ದ. ಆಸೆಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಕೋಣೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಆ ನಾಚಿಕೆಯನ್ನು ಯಾರೋ ನೋಡಿದಂತಾಗಿ ದಿಂಬು ಸರಿಮಾಡಿಕೊಂಡ.

"ಹೊಸಬರು ಬರಲ್ಲ ಅಂತೀರಿ" ಎಂದಳು ಯಜಮಾನಿ. "ನೂಲಜ್ಜಿ ಬಂದಿಲ್ವಾ? ಬಂದು ನಿಂತಿಲ್ವಾ? ಅವರನ್ನೇ ಕೇಳಿ, ಈ ಊರು ಸತ್ತಿದೆಯಾ ಅಂತ. ಅಜ್ಜಿ, ನೀವೇ ಹೇಳಿ."

ಎಡಗಡೆಯ ಟ್ಯಾಬ್ಲೆಟ್ಟಿನಲ್ಲಿ ಗೆರೆ ಮಿಣುಕುತ್ತ ಕಾಯುತ್ತಿತ್ತು. ಊರು ಬದುಕಿದೆ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ತಾನು ಹೊಲಿದ ಬೊಂಬೆ. ಆದರೂ ಬೆರಳು ತಾನಾಗಿ ಓಡಿತು. "ಹಸಿದಾಗ ಯಾವ ತೀರ್ಮಾನನೂ ಮಾಡಬೇಡ್ರಪ್ಪ. ತೀರ್ಮಾನ ಮಾಡೋದು ಹಸಿವು, ಹೆಸರು ಮಾತ್ರ ನಿಮ್ಮದು. ಹೋಗಿ ಏನಾದ್ರೂ ತಿಂದು ಬನ್ನಿ." ಅತ್ತೆ ಇದನ್ನು ಗೆಳತಿಯ ಮಗಳ ಮದುವೆಯ ಮಾತಿಗೆ ಹೇಳಿದ್ದಳು. ಕಮ್ಮಾರ ನಕ್ಕ. ಬೇಟೆಗಾರ್ತಿ ತನ್ನ ಎರಡು ಸಾಲನ್ನು ತಾನೇ ಅಳಿಸಿದಳು. ಇದೇ ಮಾತನ್ನು ಫೋನಿನಿಂದ ಬರೆದಿದ್ದರೆ ಅದಕ್ಕೂ ಮೇಲೆ ಸರಿದು ಹೋಗುವುದೇ ಗತಿಯಾಗುತ್ತಿತ್ತು.

ಆಮೇಲೆ ಯಜಮಾನಿ ಬಹಳ ಹೊತ್ತು ಏನೋ ಬರೆಯುತ್ತಿದ್ದಳು. ಬಂದದ್ದು ಚಿಕ್ಕ ಮಾತು. "ಸರಿ, ನಾನು ಇಳೀತೀನಿ. ಬೀಗದ ಕೈ ನೂಲಜ್ಜಿಗೆ ಕೊಡೋದಾದ್ರೆ ಇಳೀತೀನಿ. ಇಲ್ಲಿ ಯಾರ ಮೇಲೂ ಹಗೆ ಇಲ್ಲದೋರು ಅವರೊಬ್ರೇ. ಯಂತ್ರ ನಾನು ನೋಡ್ಕೊಳ್ತೀನಿ, ಊರು ಅವರು ನೋಡ್ಕೊಳ್ಳಲಿ."

"ನನ್ನ ಒಪ್ಪಿಗೆ ಇದೆ" ಎಂದ ಕಮ್ಮಾರ, ಒಂದು ಗಳಿಗೆಯೂ ಯೋಚಿಸದೆ. "ನಂದೂ" ಎಂದಳು ಬೇಟೆಗಾರ್ತಿ. ಯಾವತ್ತೂ ತುಟಿಪಿಟಿಕ್ಕೆನ್ನದೆ ಮೂಲೆಯಲ್ಲಿರುತ್ತಿದ್ದ ಕುಂಬಾರ ಕೂಡ ಒಪ್ಪಿಗೆ ಎಂದ. ಇಷ್ಟು ದಿನ ಒಂದು ಮಾತಿಗೂ ಒಮ್ಮತವಾಗದ ಚಾವಡಿ ಕ್ಷಣದಲ್ಲಿ ಒಂದಾಗಿತ್ತು. ಇನ್ನು ತಡೆದುಕೊಳ್ಳುವುದು ಸಾಧ್ಯವೇ ಇರಲಿಲ್ಲ. ಪಾಪ ಎಂದು ಮಾಡಿದ್ದು ಮೋಸವಾಯಿತು, ಆ ಮೋಸವೇ ಈಗ ಪಟ್ಟಕ್ಕೇರುತ್ತಿದೆ. ಫೋನಿನಲ್ಲಿ ಬರೆದ: "ಆ ಅಜ್ಜಿ ನಾನೇ. ಎರಡು ವೇಷ ಹಾಕಿದ್ದೀನಿ. ತಪ್ಪಾಯ್ತು." ಕಣ್ಣು ಮುಚ್ಚಿ ಒತ್ತಿದ. ಒತ್ತಿದ ಕೂಡಲೇ ಒಂದು ಹಗುರ ಬಂತು, ಏನಾದರೂ ಆಗಲಿ ಎನ್ನುವ ಹಗುರ, ಬಹಳ ದಿನದಿಂದ ಬಾರದೆ ಇದ್ದದ್ದು.

"ಇದೇನೋ ಇದು ಅಂಬಿಗಾ" ಎಂದು ಕಮ್ಮಾರನ ಸಾಲು ಬಂತು. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ಒಬ್ಬ ಮುದುಕಿಗೆ ಒಳ್ಳೇದಾದ್ರೆ ತಡ್ಕೊಳ್ಳೋಕಾಗಲ್ವಾ ನಿನಗೆ?"

"ನಾನು ನಿಜ ಹೇಳ್ತಿದ್ದೀನಿ" ಎಂದು ಬರೆದ.

"ನಿನ್ನ ಬಾಯಲ್ಲಿ ಯಾವತ್ತಾದ್ರೂ ಅಜ್ಜಿ ಥರ ಒಂದು ಮಾತು ಬಂದಿದೆಯಾ?" ಎಂದಳು ಬೇಟೆಗಾರ್ತಿ. "ಬೇಜಾರು ಮಾಡ್ಕೋಬೇಡ. ನೀನು ಒಳ್ಳೆಯವನೇ. ಆದ್ರೆ ಹೂಂ, ಊಹೂಂ, ಬರ್ತಾರೆ, ಹೋಗ್ತಾರೆ, ಇಷ್ಟೇ ಅಲ್ವಾ ನೀನು ಮಾತಾಡೋದು? ಅಜ್ಜಿನ ನೀನು ಕಟ್ಟೋಕಾಗುತ್ತಾ?"

ಅವಳು ಹೇಳಿದ್ದು ಸರಿಯಾಗಿತ್ತು. "ಬೀಗದ ಕೈ ಹಾಕಿ ನೋಡಿ ಯಜಮಾನಿ, ಗೊತ್ತಾಗುತ್ತಲ್ಲ" ಎಂದು ಕುಂಬಾರ ಮೆಲ್ಲಗೆ ಸೇರಿಸಿದ. ಮಂಚದ ಮೇಲೆ ಅವನು ಫೋನನ್ನು ಕಣ್ಣ ಹತ್ತಿರಕ್ಕೆ ತಂದುಕೊಂಡ. ನೋಡಲಿ, ಈಗಲೇ ನೋಡಿಬಿಡಲಿ. ಯಜಮಾನಿ "ನಾನು ಯಾವತ್ತೂ ಇಣುಕಿ ನೋಡಿಲ್ಲ. ಹೋಗೋ ದಿನ ಆ ಕೆಲಸ ಮಾಡಲ್ಲ" ಎಂದಳು. ಕಮ್ಮಾರ ಸುಮ್ಮನಿರುವವನಲ್ಲ. "ಹಂಗಾದ್ರೆ ಅಜ್ಜಿನೇ ತೀರ್ಮಾನ ಮಾಡಲಿ. ಬೀಗದ ಕೈ ತಗೊಳ್ಳೋದು, ಸುಳ್ಳು ಹೇಳಿದ ಅಂಬಿಗನ್ನ ಕೋಟೆಯಿಂದ ಆಚೆ ಹಾಕೋದು. ಎರಡಕ್ಕೂ ಒಂದೇ ಮಾತು. ಅಜ್ಜಿ, ಒಪ್ಪಿಗೆನಾ? ಇದು ಮೊದಲನೇ ಕೂಗು."

ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆಳೆದುಕೊಂಡು ಬರೆದ: "ಅವನು ಹೇಳಿದ್ದು ನಿಜ. ನಾನಿಲ್ಲ." ಇಷ್ಟು ಕಳಿಸಿದರೆ ನಂಬಲೇಬೇಕು. ಬೆರಳು ಗುಂಡಿಯ ಮೇಲೆ ನಿಂತಿತು. ಕಳಿಸಿದರೆ ಅಜ್ಜಿ ಸಾ​ಯುತ್ತಾಳೆ, ಅಂಬಿಗನೂ ಸಾ​ಯುತ್ತಾನೆ, ಯಜಮಾನಿ ಚಳಿಗಾಲದಿಂದ ಈವರೆಗೆ ಗಾಳಿಯ ಜೊತೆ ಮಾತಾಡಿದವಳಾಗುತ್ತಾಳೆ. ಕಳಿಸದಿದ್ದರೆ? ಅದರ ಬದಲು ಬರೀ ಒಪ್ಪಿಗೆಯಿಲ್ಲ ಎಂದರೆ ಬೀಗದ ಕೈ ಕಮ್ಮಾರನ ಪಾಲು, ಅವನಂತೂ ಮೊದಲು ಇಣುಕುವವನೇ. ನೂಲಜ್ಜಿ ಈಗ ಏನು ಹೇಳಬೇಕು? ತಲೆಯೊಳಗೆ ಹುಡುಕಿದ; ಅತ್ತೆಯ ಯಾವ ಮಾತೂ ಇದಕ್ಕೆ ಹೊಂದುವಂಥದ್ದು ಸಿಗಲಿಲ್ಲ. ಬರೆದದ್ದನ್ನು ಅಳಿಸಿ, ಎರಡನ್ನೂ ಮಂಚದ ಮೇಲೆ ಬಿಟ್ಟು ಎದ್ದು ಅತ್ತೆಯ ಕೋಣೆಗೆ ಹೋದ.

ಅವಳು ಮಂಚದ ಅಂಚಿನಲ್ಲಿ, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು, ಇವನಿಗಾಗಿಯೇ ಕೂತಂತೆ ಕೂತಿದ್ದಳು. "ಅತ್ತೆ, ಒಂದು ಮಾತು ಕೇಳಬೇಕಿತ್ತು" ಎಂದ. "ಒಬ್ಬ ಮನುಷ್ಯ ಒಳ್ಳೇದು ಮಾಡೋಕೆ ಹೋಗಿ ತಪ್ಪು ಮಾಡಿದ್ದಾನೆ. ತಪ್ಪು ಅಂತ ಹೇಳಿದ್ರೆ ಯಾರೂ ನಂಬ್ತಿಲ್ಲ. ಅವನಿಗೆ ಏನು ಹೇಳಬೇಕು?"

ಅತ್ತೆ ಅವನ ಮುಖವನ್ನೇ ನೋಡಿದಳು. "ನನ್ನ ಯಾಕೆ ಕೇಳ್ತೀಯೋ ಗುಮ್ಮಾ. ನಾನು ಮಾತಾಡಿದ್ದು ಯಾವತ್ತಾದ್ರೂ ನಿನ್ನ ಕಿವಿಗೆ ಬಿದ್ದಿದೆಯಾ?"

ಒಂದೊಂದೂ ಬಿದ್ದಿದೆ ಎನ್ನಬೇಕೆಂದಿತ್ತು. ಪಾತ್ರೆಯದು, ಹಸಿವಿನದು, ದೋಣಿಯದು (ಅವಳು ಹೇಳಿದ್ದು ಮಳೆಗೆ ಸೋರುವ ಬಸ್ಸಿನ ಬಗ್ಗೆ), ಎಲ್ಲವನ್ನೂ ಅಲ್ಲೇ ನಿಂತು ಒಪ್ಪಿಸಬಲ್ಲವನಾಗಿದ್ದ. ಅವಳು ಬಟ್ಟಲನ್ನು ಮುಂದೆ ಚಾಚಿದಳು. "ಮೊದಲು ಇದನ್ನ ನೋಡು. ಆಮೇಲೆ ಬೇಕಾದ್ರೆ ಊರಿಗೆಲ್ಲ ಬುದ್ಧಿ ಹೇಳೋಣ."

ದೀಪದ ಕೆಳಗೆ ಕೂರಿಸಿ ಅವಳ ಗಲ್ಲ ಹಿಡಿದು ಬಾಯಿ ತೆಗೆಸಿದ. ದಿನವೂ ಪ್ಲಾಸ್ಟರಿನಲ್ಲಿ ಅಚ್ಚಾದ ಬಾಯಿಗಳನ್ನು ನೋಡುವವನು, ಈ ಬಾಯಿಯನ್ನು ಹೀಗೆ ನೋಡಿರಲಿಲ್ಲ. ಎಡಗಡೆಯ ಒಸಡಿನ ಮೇಲೆ ಕೆಂಪಗೆ ಒಂದು ಹುಣ್ಣು, ನಡುವೆ ಬೆಳ್ಳಗೆ. ಎಷ್ಟು ದಿನದಿಂದ ಇದನ್ನಿಟ್ಟುಕೊಂಡು ಉಂಡಿದ್ದಾಳೆ. ಬಣ್ಣದ ಪೆನ್ಸಿಲಿನಿಂದ ಹುಣ್ಣಿನ ಮೇಲೆ ಮೆಲ್ಲಗೆ ಗುರುತು ಹಾಕಿ, ಸೆಟ್ಟು ಕೂರಿಸಿ ತೆಗೆದ. ತಾಗುವ ಕಡೆ ಬಣ್ಣ ಹತ್ತಿತ್ತು. ಚೀಲದಿಂದ ಅರ ತೆಗೆದು ಆ ಜಾಗವನ್ನು ಉಜ್ಜತೊಡಗಿದ. ಗೋಡೆಯಾಚೆ ಟ್ಯಾಬ್ಲೆಟ್ಟು ಸದ್ದು ಮಾಡಿತು, ಎರಡನೆಯ ಕೂಗು. ಅತ್ತೆ "ಯಾರೋ ಕರೀತಿದ್ದಾರೆ" ಎಂದಳು. "ಇರಲಿ, ಬಾಯಿ ತೆಗಿ" ಎಂದ. ಏಳಬಹುದಿತ್ತು. ಅತ್ತೆಯ ಬಾಯಿ ನನ್ನ ಕೈಯಲ್ಲಿದೆ, ಅದಕ್ಕೇ ಏಳುತ್ತಿಲ್ಲ ಎಂದು ಹೇಳಿಕೊಂಡ. ಏಳದಿರುವುದೂ ಒಂದು ಉತ್ತರವೇ ಎಂದು, ಆ ಪದ್ಧತಿಯನ್ನು ಮಾಡಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮತ್ತೆ ಕೂರಿಸಿ, ತೆಗೆದು, ಉಜ್ಜಿದ. ಮೂರನೆಯ ಸದ್ದಿಗೆ ಅರ ಒಂದು ಗಳಿಗೆ ನಿಂತಿತು, ಮತ್ತೆ ಓಡಿತು. ಆಮೇಲೆ ಫೋನೂ ಟ್ಯಾಬ್ಲೆಟ್ಟೂ ಒಟ್ಟಿಗೇ ಸದ್ದು ಮಾಡಿ ಸುಮ್ಮನಾದವು.

"ಕಚ್ಚಿ ನೋಡು, ಒಂದು ನಿಮಿಷ ಬಂದೆ" ಎಂದು ತನ್ನ ಕೋಣೆಗೆ ಹೋಗಿ ಬಗ್ಗಿ ನೋಡಿದ. ಫೋನಿನಲ್ಲಿ ಒಂದೇ ಸಾಲು: ಅಂಬಿಗಾ, ಕೋಟೆಯ ಬಾಗಿಲು ನಿನಗೆ ಇನ್ನು ತೆರೆಯುವುದಿಲ್ಲ. ಅಷ್ಟು ವರ್ಷದ ಹೊಳೆ, ದೋಣಿ, ಹುಟ್ಟು, ಎಲ್ಲ ಆ ಸಾಲಿನ ಹಿಂದೆ ಕಪ್ಪಾಗಿತ್ತು. ಟ್ಯಾಬ್ಲೆಟ್ಟಿನಲ್ಲಿ ಸಂಭ್ರಮ. ಬೀಗದ ಕೈ ನಿಮ್ಮದು ಅಜ್ಜಿ, ಎರಡು ಮಾತು ಹೇಳಿ ಅಜ್ಜಿ, ಕಾಯ್ತಿದ್ದೀವಿ. ಅವುಗಳ ಕೆಳಗೆ, ಅಜ್ಜಿಗೆ ಮಾತ್ರ ಕಾಣುವಂತೆ, ಯಜಮಾನಿ ಬರೆದಿದ್ದಳು: "ಅಂಬಿಗನ ಮೇಲೆ ಸಿಟ್ಟು ಇಟ್ಕೋಬೇಡಿ. ನಿಧಾನಕ್ಕೆ ಒಳಗೆ ಕರ್ಕೊಳ್ಳಿ. ಅವನಿಗೆ ನೀವು ಬಿಟ್ರೆ ಬೇರೆ ಯಾರೂ ಇಲ್ಲ." ಅವನು ಆ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದ. ಅವಳು ಇಣುಕಿದ್ದಾಳೆಯೇ, ಇಲ್ಲವೇ? ಎರಡರಲ್ಲಿ ಯಾವುದು ನಿಜವಾದರೂ ತಡೆದುಕೊಳ್ಳುವುದು ಕಷ್ಟ. ಟ್ಯಾಬ್ಲೆಟ್ಟನ್ನು ಎತ್ತಿಕೊಂಡು ಅತ್ತೆಯ ಕೋಣೆಯ ಬಾಗಿಲಿಗೆ ಬಂದ.

ಅತ್ತೆ ದವಡೆಯನ್ನು ಅತ್ತ ಇತ್ತ ಆಡಿಸಿ, ಹಲ್ಲು ಕಟಕಟ ಎನ್ನಿಸಿ, ಕೆನ್ನೆ ತುಂಬಿಕೊಂಡು ಕೂತಿದ್ದಳು. ಮುಖಕ್ಕೆ ಹಳೆಯ ಆಕಾರ ಬಂದಿತ್ತು. "ನೋಡು, ನೋವೇ ಇಲ್ಲ" ಎಂದಳು, ಅಕ್ಷರ ಅಕ್ಷರವೂ ಸ್ಪಷ್ಟವಾಗಿ. "ಚುಚ್ಚೋ ಕಡೆ ಒಂದು ಚೂರು ಕೆರೆದ್ರೆ ಆಗೋದು. ನಾನೋ, ಇಡೀ ಸೆಟ್ಟೇ ತೆಗೆದು ಬಟ್ಟಲಲ್ಲಿಟ್ಕೊಂಡು, ಬಾಯಿ ಮುಚ್ಕೊಂಡು ಕೂತಿದ್ದೆ. ಉಳಿದಿದ್ದೆಲ್ಲ ಚೆನ್ನಾಗೇ ಇತ್ತಲ್ಲೋ."

ಇಡೀ ಸಂಜೆ ಚಾವಡಿಯಲ್ಲಿ ಯಾರಿಗೂ ಹೊಳೆಯದ ಮಾತು, ತಾನು ಬೆಳಗಿನಿಂದ ತಿದ್ದಿ ತೀಡಿ ಹೇಳಲಾಗದೆ ಹೋದ ಮಾತು, ಅದೇ: ಚುಚ್ಚುವಷ್ಟನ್ನೇ ಕೆರೆದು, ಊರನ್ನೂ ಯಜಮಾನಿಯನ್ನೂ ಉಳಿಸಿಕೊಳ್ಳುವುದು. ಅದು ಆಗಲೇ ಅವನ ತಲೆಯೊಳಗೆ ನೂಲಜ್ಜಿಯ ದನಿ ತೊಟ್ಟು ನಿಂತಿತ್ತು. ಹಾಗೆ ನಿಂತದ್ದನ್ನು ನೋಡಿ ಅವನಿಗೆ ಅಳು ಬಂದಂತಾಯಿತು. ಇವಳಿಗೆ ನೋವಾಗದಿರಲಿ ಎಂದು ಕೆರೆದೆನೋ, ಇವಳ ಮಾತು ನಿಲ್ಲದಿರಲಿ ಎಂದು ಕೆರೆದೆನೋ? ಕೇಳಿಕೊಂಡ, ತಿಳಿಯಲಿಲ್ಲ, ಮುಂದೆ ಯಾವತ್ತೂ ತಿಳಿಯುವುದಿಲ್ಲ ಅನ್ನಿಸಿತು. ಟ್ಯಾಬ್ಲೆಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತ.

"ಇನ್ನೊಂದು ಸಲ ಹೇಳು ಅತ್ತೆ" ಎಂದ.

ಅವನು ಹಿಂದೆ ಎಂದಾದರೂ ಹಾಗೆ ಕೇಳಿದ್ದು ಅವಳ ನೆನಪಿನಲ್ಲೇ ಇರಲಿಲ್ಲ. ಅತ್ತೆಯ ಕಣ್ಣು ಅರಳಿತು. ಅವನ ಮೊಣಕಾಲಿನ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ, ಮೊದಲಿನಿಂದ ಹೇಳತೊಡಗಿದಳು. ಅವನು ತಲೆ ಬಗ್ಗಿಸಿ, ಒಂದಕ್ಷರವೂ ಬಿಡದೆ ಕೇಳಿಸಿಕೊಂಡ.